ಉಳಿದ ಸಿಮೆಂಟು ಗೃಹಪ್ರವೇಶದವರೆಗೆ ಕಾಯುವುದಿಲ್ಲ

ಗೃಹಪ್ರವೇಶಕ್ಕೆ ಅಂಗಳ ಚೊಕ್ಕಟಗೊಳಿಸುವ ಅವಸರದಲ್ಲಿ ಮನೆಯವರು ಉಳಿದ ಸಾಮಗ್ರಿಯನ್ನೆಲ್ಲ ಮೆಟ್ಟಿಲಿನ ಕೆಳಗೋ ತಾರಸಿಯ ಮೂಲೆಗೋ ಸಾಗಿಸಿಬಿಡುತ್ತಾರೆ. ಕಟ್ಟಡದ ಎಂಜಿನಿಯರಾಗಿ ನಾನು ಕಂಡಂತೆ ನಷ್ಟ ಆರಂಭವಾಗುವುದು ಅಲ್ಲಿಂದಲೇ. ಎಂ ಸ್ಯಾಂಡ್ ಮತ್ತು ಜಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ಕೆಡುವುದಿಲ್ಲ. ಸಿಮೆಂಟು ಮಾತ್ರ ಗಾಳಿಯ ತೇವವನ್ನು ಹೀರಿ ಚೀಲದೊಳಗೇ ಗಟ್ಟಿಯಾಗತೊಡಗುತ್ತದೆ. ಆದ್ದರಿಂದ ಬೇಗ ಕೆಡುವುದನ್ನು ಮೊದಲು ವಿಲೇವಾರಿ ಮಾಡಬೇಕು.

ಸಿಮೆಂಟು ಮೂರು ತಿಂಗಳು ಹಳೆಯದಾದರೆ ಅದರ ಬಲ ಸುಮಾರು ಶೇ 20ರಷ್ಟು, ಆರು ತಿಂಗಳಿಗೆ ಶೇ 30ರಷ್ಟು ಕುಗ್ಗುತ್ತದೆ ಎಂಬುದು ನಮ್ಮ ವೃತ್ತಿಯಲ್ಲಿ ಬಳಕೆಯಲ್ಲಿರುವ ಅಂದಾಜು. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಅದು ಇನ್ನೂ ಬೇಗ ಕುಗ್ಗಬಹುದು. ಈ ಕಾಲವನ್ನು ಎಣಿಸಬೇಕಾದದ್ದು ಕೊಂಡ ದಿನದಿಂದಲ್ಲ, ಚೀಲದ ಮೇಲೆ ಮುದ್ರಿಸಿರುವ ತಯಾರಿಕೆಯ ವಾರದಿಂದ. ಬಿಚ್ಚದ ಚೀಲಗಳನ್ನು ಹಿಂದಕ್ಕೆ ಪಡೆಯುವ ಬಗ್ಗೆ ಅಂಗಡಿಯವರೊಂದಿಗೆ ಖರೀದಿಯ ಸಮಯದಲ್ಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಅದಾಗದಿದ್ದರೆ ಪಕ್ಕದ ಬೀದಿಯಲ್ಲಿ ಕೆಲಸ ನಡೆಯುತ್ತಿರುವ ಮನೆಗೆ ಅರ್ಧ ಬೆಲೆಗಾದರೂ ಕೊಟ್ಟುಬಿಡಿ. ಇಟ್ಟುಕೊಳ್ಳಲೇಬೇಕಾದರೆ ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಒಟ್ಟಿ, ಪ್ಲಾಸ್ಟಿಕ್ ಹಾಳೆ ಹೊದಿಸಬೇಕು.

ಕೆಲವು ವರ್ಷಗಳ ಹಿಂದೆ ನನ್ನ ಮೇಲ್ವಿಚಾರಣೆಯ ಮನೆಯೊಂದರಲ್ಲಿ, ಒಂದು ಮಳೆಗಾಲ ಕಳೆದಿದ್ದ ಸಿಮೆಂಟಿನ ಉಂಡೆಗಳನ್ನು ಸುತ್ತಿಗೆಯಿಂದ ಪುಡಿಮಾಡಿ ನೀರಿನ ಟ್ಯಾಂಕಿನ ಕಂಬಗಳಿಗೆ ಬಳಸಲು ಮೇಸ್ತ್ರಿ ಸಿದ್ಧರಾಗಿದ್ದರು. ಪುಡಿ ಮಾಡಿದ ಮಾತ್ರಕ್ಕೆ ಕಳೆದುಹೋದ ಬಲ ಮರಳುವುದಿಲ್ಲ ಎಂದು ವಿವರಿಸಿ ಕೆಲಸ ನಿಲ್ಲಿಸಿದೆ. ಬೆರಳಲ್ಲಿ ಹಿಸುಕಿದಾಗ ಪುಡಿಯಾಗುವ ಉಂಡೆಗಳಿದ್ದರೆ ಆ ಸಿಮೆಂಟನ್ನು ಜರಡಿ ಹಿಡಿದು ಅಂಗಳದ ಕಾಲುದಾರಿಗೆ ಬಳಸಬಹುದು. ಹಿಸುಕಿದರೂ ಒಡೆಯದಿದ್ದರೆ ಅದು ಯಾವ ಕೆಲಸಕ್ಕೂ ಬಾರದು.

ಕಬ್ಬಿಣದ ಸರಳುಗಳನ್ನು ಗುಜರಿಗೆ ಹಾಕುವ ಮುನ್ನ ತೂಕವನ್ನು ನೀವೇ ಲೆಕ್ಕಹಾಕಿಕೊಳ್ಳಿ. ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಂನಲ್ಲಿ ಸಿಗುತ್ತದೆ. 12 ಮಿ.ಮೀ. ಸರಳು ಮೀಟರಿಗೆ ಸುಮಾರು 0.89 ಕಿಲೋ, ಅಂದರೆ 12 ಮೀಟರಿನ ಪೂರ್ಣ ಸರಳು 10.7 ಕಿಲೋಗೆ ಹತ್ತಿರ. ಪೂರ್ಣ ಉದ್ದದ ಸರಳುಗಳನ್ನು ತುಂಡುಗಳೊಂದಿಗೆ ಬೆರೆಸಿ ಗುಜರಿಯ ಬೆಲೆಗೆ ಕೊಡುವುದು ದೊಡ್ಡ ತಪ್ಪು.

ಟೈಲ್ಸ್ ಮಾತ್ರ ಮಾರಬೇಡಿ. ಪ್ರತಿ ಬಗೆಯದರಲ್ಲೂ ಒಂದು ಪೆಟ್ಟಿಗೆಯನ್ನು, ಅದರ ಮೇಲಿನ ಬ್ಯಾಚ್ ಸಂಖ್ಯೆ ಅಳಿಸದಂತೆ ಇಟ್ಟುಕೊಳ್ಳಿ. ಮುಂದೆ ಕೊಳಾಯಿ ದುರಸ್ತಿಗೆ ಸ್ನಾನದ ಮನೆಯ ಗೋಡೆ ಒಡೆದಾಗ ಅದೇ ಛಾಯೆ ಅಂಗಡಿಯಲ್ಲಿ ಸಿಗುವುದು ಕಷ್ಟ.

ಇಟ್ಟಿಗೆ ಚೂರು, ಒಡೆದ ಕಾಂಕ್ರೀಟು ಮತ್ತು ಉದುರಿದ ಗಾರೆಯನ್ನು ರಾತ್ರೋರಾತ್ರಿ ರಾಜಕಾಲುವೆಗೋ ಕೆರೆಯಂಚಿಗೋ ಸುರಿಯುವುದನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. 2016ರ ಕಟ್ಟಡ ತ್ಯಾಜ್ಯ ನಿರ್ವಹಣಾ ನಿಯಮಗಳು ಆ ಹೊಣೆಯನ್ನು ಕಟ್ಟಿಸುವವರ ಮೇಲೆಯೇ ಹೊರಿಸಿದ್ದವು. ಅದೇ ವರ್ಷ ಪರಿಷ್ಕೃತವಾದ, ಕಾಂಕ್ರೀಟಿನ ಜಲ್ಲಿ ಮತ್ತು ಮರಳಿಗೆ ಸಂಬಂಧಿಸಿದ ಭಾರತೀಯ ಮಾನದಂಡ ಐಎಸ್ 383, ಕಾಂಕ್ರೀಟ್ ತ್ಯಾಜ್ಯದಿಂದ ತಯಾರಿಸಿದ ಜಲ್ಲಿಯನ್ನು ನಿಗದಿತ ಪ್ರಮಾಣದಲ್ಲಿ ಹೊಸ ಕಾಂಕ್ರೀಟಿಗೆ ಬಳಸಲು ಅವಕಾಶ ನೀಡಿತು. ಆದರೆ ಮಣ್ಣು, ಪ್ಲಾಸ್ಟಿಕ್, ಮರದ ಚೂರು ಬೆರೆತ ರಾಶಿಯಿಂದ ಅಂಥ ಜಲ್ಲಿ ಹುಟ್ಟುವುದು ಕಷ್ಟ. ಬೇರ್ಪಡಿಸುವ ಕೆಲಸ ನಿಮ್ಮ ಅಂಗಳದಲ್ಲೇ ಆಗಬೇಕು.

ಸೆಂಟ್ರಿಂಗ್‌ನಿಂದ, ಅಂದರೆ ಕಾಂಕ್ರೀಟ್ ಸುರಿಯಲು ಕಟ್ಟಿದ ತಾತ್ಕಾಲಿಕ ಅಚ್ಚಿನಿಂದ, ಉಳಿದ ಮರದ ತುಂಡುಗಳನ್ನಂತೂ ಮನೆಯ ಸುತ್ತಲಿನ ಮಣ್ಣಿನಲ್ಲಿ ಹೂಳಲೇಬಾರದು. ಅವಕ್ಕೆ ಹತ್ತಿದ ಗೆದ್ದಲು ಪಾಯದ ಬಿರುಕುಗಳ ಮೂಲಕ ಹೊಸ ಬಾಗಿಲಿನ ಚೌಕಟ್ಟನ್ನು ತಲುಪುತ್ತದೆ.