ಬೆನ್ನುಹುರಿಯ ಗಡ್ಡೆ: ಕತ್ತಿ ಎಲ್ಲಿಂದ ಹಾಕಬೇಕು?

ತೀರ್ಥಹಳ್ಳಿ ಕಡೆಯ ಅಮ್ಮನೊಬ್ಬರು ಮಳೆಗಾಲದಲ್ಲಿ ಶಿವಮೊಗ್ಗಕ್ಕೆ ತೋರಿಸಲು ಬಂದಿದ್ದರು. ತೋಟಕ್ಕೆ ಹೋಗುವಾಗ ಕಾಲಿಂದ ಚಪ್ಪಲಿ ಕಳಚಿಬಿದ್ದರೂ ಗೊತ್ತಾಗುತ್ತಿರಲಿಲ್ಲವಂತೆ. ಉಳುಕಿರಬೇಕು ಅಂತ ಆರು ತಿಂಗಳು ಎಣ್ಣೆ ತಿಕ್ಕಿಸಿಕೊಂಡಿದ್ದರು. ಎಂಆರ್‌ಐ ಮಾಡಿಸಿದರೆ ಎದೆಯ ಮಟ್ಟದಲ್ಲಿ ಬೆನ್ನುಹುರಿಯನ್ನು ಒತ್ತಿಕೊಂಡು ಗಡ್ಡೆ ಕೂತಿತ್ತು.

"ಡಾಕ್ಟ್ರೇ, ಬೆನ್ನಿಗೆ ಕತ್ತಿ ಹಾಕಿದ್ರೆ ಕಾಲೇ ಹೋಗುತ್ತಂತಲ್ಲ?" ಮಗ ಕೇಳಿದ.

ಗಡ್ಡೆ ಎಲ್ಲಿದೆ ಅಂತ ನೋಡದೆ ಇದಕ್ಕೆ ಉತ್ತರವಿಲ್ಲ. ಬೆನ್ನುಹುರಿ ಹೆಚ್ಚುಕಮ್ಮಿ ಕಿರುಬೆರಳಿನಷ್ಟು ದಪ್ಪ. ಸುತ್ತ ನೀರು, ನೀರಿನ ಹೊರಗೆ ಡ್ಯೂರಾ ಎಂಬ ಗಟ್ಟಿ ಪೊರೆ, ಆಮೇಲೆ ಮೂಳೆ. ಪೊರೆಯ ಹೊರಗಿನ ಗಡ್ಡೆ ಹೆಚ್ಚಾಗಿ ಬೇರೆ ಕಡೆಯಿಂದ ಹರಡಿದ ಕ್ಯಾನ್ಸರ್. ಅದರ ಲೆಕ್ಕವೇ ಬೇರೆ.

ಅಮ್ಮನದು ಪೊರೆಯ ಒಳಗೆ, ಹುರಿಯ ಹೊರಗೆ ಇದ್ದ ಮೆನಿಂಜಿಯೋಮಾ, ಅಂದರೆ ಹುರಿಯ ಸುತ್ತಲ ಪೊರೆಗಳಿಂದ ಬೆಳೆಯುವ ಗಡ್ಡೆ. ಇವು ಬಹುಪಾಲು ಕ್ಯಾನ್ಸರ್ ಅಲ್ಲ. ಬೋರಲು ಮಲಗಿಸಿ, ಬೆನ್ನಿನ ನಡುವೆ ಕೊಯ್ದು, ಹಿಂದಿನ ಮೂಳೆ ತೆಗೆದು, ಪೊರೆ ತೆರೆಯುತ್ತೇವೆ. ಕೊಯ್ಯುವ ಮೊದಲು ಎಕ್ಸ್‌ರೇ ಇಟ್ಟು ಮೂಳೆ ಎಣಿಸಿ, ಗಡ್ಡೆ ಯಾವ ಮಟ್ಟದಲ್ಲಿದೆ ಅಂತ ಗೊತ್ತುಮಾಡಿಕೊಳ್ಳಲೇಬೇಕು. 1887ರಲ್ಲಿ ಲಂಡನ್ನಿನಲ್ಲಿ ವಿಕ್ಟರ್ ಹಾರ್ಸ್ಲಿ ಎಂಬ ಸರ್ಜನ್ ಇಂಥ ಗಡ್ಡೆ ತೆಗೆದಾಗ, ಮೊದಲು ತೆರೆದ ಜಾಗದಲ್ಲಿ ಏನೂ ಸಿಗಲಿಲ್ಲ. ಇನ್ನಷ್ಟು ಮೇಲಕ್ಕೆ ಮೂಳೆ ತೆಗೆದ ಮೇಲೆ ಕಂಡಿತು. ಆಗ ಎಕ್ಸ್‌ರೇನೇ ಇರಲಿಲ್ಲ, ಪಾಪ.

ಗಡ್ಡೆ ಹುರಿಯ ಮುಂದುಗಡೆಗೆ ಸರಿದಿದ್ದರೆ ಪಕ್ಕದ ಮೂಳೆಯನ್ನೂ ಸ್ವಲ್ಪ ತೆಗೆದು ಓರೆಯಿಂದ ಹೋಗಬೇಕು. ಹುರಿಯನ್ನು ಎಳೆದು ದಾರಿ ಮಾಡಿಕೊಳ್ಳುವ ಹಾಗಿಲ್ಲ. ಗಡ್ಡೆಯ ಹೊಟ್ಟೆಯನ್ನೇ ಮೊದಲು ಖಾಲಿ ಮಾಡಿ, ಸೊರಗಿದ ಸಿಪ್ಪೆಯನ್ನು ನಿಧಾನ ಈಚೆ ತರುತ್ತೇವೆ.

ನನಗೂ ಎದೆ ಡವಗುಟ್ಟುವುದು ಹುರಿಯ ಒಳಗೇ ಬೆಳೆದ ಗಡ್ಡೆಗೆ. ಹಿಂಭಾಗದ ನಟ್ಟನಡುವಿನ ಗೆರೆಯಲ್ಲಿ ಹುರಿಯನ್ನೇ ಸೀಳಿ ತೆರೆಯಬೇಕು. ಕಾಲು ಎಲ್ಲಿದೆ ಅಂತ ತಿಳಿಸುವ ನರಗಳು ಅಲ್ಲೇ ಇವೆ. ಹಾಗಾಗಿ ಆಪರೇಷನ್ ಆದ ಮೇಲೆ ಕೆಲವರು ಕತ್ತಲಲ್ಲಿ ತಡವರಿಸುತ್ತಾರೆ. ಇವುಗಳಲ್ಲಿ ಎಪೆಂಡಿಮೋಮಾ ಎಂಬ ಬಗೆಯಾದರೆ ಬಕ್ಕೆ ಹಲಸಿನ ತೊಳೆಯ ಹಾಗೆ ಬಿಡಿಸಿಕೊಂಡು ಬರುವುದೇ ಹೆಚ್ಚು. ಆಸ್ಟ್ರೋಸೈಟೋಮಾ ಎಂಬ ಇನ್ನೊಂದು ಬಗೆ ಹಾಗಲ್ಲ, ಹುರಿಯೊಳಗೇ ಕಲಸಿಹೋಗಿರುತ್ತದೆ. ಪೂರ್ತಿ ತೆಗೆಯುವ ಹಟ ಅಲ್ಲಿ ಬೇಡ. ಕೈಕಾಲಿನ ಸಿಗ್ನಲ್ಲನ್ನು ಮಾನಿಟರ್ ಉದ್ದಕ್ಕೂ ನೋಡುತ್ತಿರುತ್ತದೆ. ಸಿಗ್ನಲ್ ಕುಸಿದರೆ ಕೈ ನಿಲ್ಲಿಸುತ್ತೇವೆ.

ಮಗನಿಗೆ ಹೇಳಿದೆ: ಕಾಲು ಹೋಗುವ ಭಯ ಸುಳ್ಳಲ್ಲ, ಆದರೆ ಗಡ್ಡೆಯನ್ನು ಸುಮ್ನೆ ಬಿಟ್ಟರೆ ಆ ಭಯ ಜಾಸ್ತಿ. ನಡೆದುಕೊಂಡು ಆಪರೇಷನ್ನಿಗೆ ಬಂದವರು ನಡೆದುಕೊಂಡು ಹೋಗುವ ಸಾಧ್ಯತೆ, ಎತ್ತಿಕೊಂಡು ಬಂದವರಿಗಿಂತ ಬಹಳ ಹೆಚ್ಚು.

ಪೊರೆಯನ್ನು ನೀರು ಸೋರದ ಹಾಗೆ ಹೊಲಿದು, ಅಮ್ಮನನ್ನು ಎರಡು ದಿನ ಅಂಗಾತ ಮಲಗಿಸಿದ್ದೆವು. ಮೂರನೆಯ ದಿನ ಎದ್ದು ಕೂತವರು ಮೊದಲು ಕೇಳಿದ್ದು, ಮೆಟ್ಟುಗತ್ತಿ ಮುಂದೆ ಅಡಿಕೆ ಸುಲಿಯಲು ಯಾವಾಗ ಕೂರಬಹುದು ಅಂತ. ಮೂರು ತಿಂಗಳು ಬೇಡ ಅಂದೆ. ಮಗ ನನ್ನ ಮುಖ ನೋಡಿ ನಕ್ಕ.