ಜರ್ಮನ್ನರ ಹತ್ರ ಹವೆಯ ಮಾತು ತೆಗೆಯೋದು ಹೇಗೆ?

ಓದುಗರ ಪ್ರಶ್ನೆ: ಜರ್ಮನ್ ಕಲಿಯುತ್ತಿದ್ದೇನೆ. 'ಹವೆ ಹೇಗಿದೆ?' ಅನ್ನೋದಕ್ಕೆ ಪಾಠದಲ್ಲಿ 'ವೀ ಇಸ್ಟ್ ದಾಸ್ ವೆಟ್ಟರ್?' ಎಂದಿದೆ. ಬಸ್ ಸ್ಟಾಪಿನಲ್ಲಿ ಪಕ್ಕ ನಿಂತವರನ್ನು ಹೀಗೆ ಕೇಳಬಹುದಾ?

ಉತ್ತರ: ವ್ಯಾಕರಣದಲ್ಲಿ ತಪ್ಪೇನಿಲ್ಲ. ಆದರೆ ಇಬ್ಬರೂ ಒಂದೇ ಮಳೆಯಲ್ಲಿ ನೆನೀತಾ ನಿಂತಿರುವಾಗ 'ಹವೆ ಹೇಗಿದೆ' ಎಂದು ಯಾರಾದರೂ ಕೇಳ್ತಾರಾ? ಆ ವಾಕ್ಯ ಇರೋದು ದೂರದಲ್ಲಿರುವವರಿಗೆ. ಫೋನಿನಲ್ಲಿ ಗೆಳೆಯರನ್ನು ಕೇಳುವಾಗ ಕೊನೆಗೆ 'ಬೈ ಓಯ್ಶ್' ಸೇರಿಸಿ. ನಾವು 'ನಿಮ್ ಕಡೆ' ಅಂತೀವಲ್ಲ, ಅದೇ. ಒಬ್ಬರೇ ಗೆಳೆಯರಾದರೆ 'ಬೈ ದಿಯರ್', ಗೌರವ ಕೊಟ್ಟು ಮಾತಾಡಬೇಕಾದವರಿಗೆ 'ಬೈ ಈನನ್'.

ಎದುರಿಗೇ ಇದ್ದವರನ್ನು ಕೇಳಬೇಡಿ, ಹೇಳಿ. 'ಗಾನ್ಸ್ ಶ್ಯೋನ್ ಕಾಲ್ಟ್ ಹೊಯ್ಟೆ, ಓಡರ್?' ಅಂದರೆ 'ಇವತ್ತು ಸಖತ್ ಚಳಿ ಅಲ್ವಾ?' ಮಾತು ಶುರುವಾಗೋದು ಆ ಕೊನೆಯ 'ಓಡರ್'ನಿಂದ. ಉತ್ತರದ ಕಡೆ ಅದರ ಬದಲು 'ನೆ?' ಅಂತಾರೆ, ದಕ್ಷಿಣದಲ್ಲಿ 'ಗೆಲ್?' ಅಂತಾರೆ. 'ಶ್ಯೋನ್' ಅಂದರೆ ಚೆಂದ ಅಲ್ವಾ, ಚಳಿಗೆ ಯಾಕೆ ಬಂತು ಎಂದು ತಲೆ ಕೆಡಿಸಿಕೊಳ್ಳಬೇಡಿ. ನಾವೂ 'ಚೆನ್ನಾಗಿ ಬೈದರು' ಅಂತೀವಿ.

ಬೈಯುವ ಮಾತು ಬಂತು ನೋಡಿ. ಹವೆ ಹೊಗಳೋದಕ್ಕಿಂತ ಬೈಯೋದೇ ಸುಲಭ. 'ಝೋ ಐನ್ ಮಿಸ್ಟ್‌ವೆಟ್ಟರ್!' ಅಂದರೆ 'ಥೂ, ಎಂಥಾ ದರಿದ್ರ ಹವೆ!' ಮಿಸ್ಟ್ ಅಂದರೆ ಕೊಟ್ಟಿಗೆ ಗೊಬ್ಬರ. ಹ್ಯಾಂಬರ್ಗ್ ಕಡೆಯವರು 'ಶೀಟ್‌ವೆಟ್ಟರ್' ಅಂತಾರೆ. ಪದ ಒರಟಾದರೂ ಅವರ ಬಾಯಲ್ಲಿ ಅದು ಸಲಿಗೆಯ ಮಾತು.

ನಾಳೆಯ ಹವೆ ಮಾತ್ರ ನಿಜವಾಗಿಯೂ ಕೇಳುವಂಥದ್ದು. ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. 'ಮೋರ್ಗನ್ ಝೋಲ್ ಎಸ್ ರೇಗ್‌ನನ್' ಅಂದರೆ 'ನಾಳೆ ಮಳೆ ಬರುತ್ತಂತೆ'. ಈ 'ಝೋಲ್' ನಮ್ಮ 'ಅಂತೆ' ಮಾಡುವ ಕೆಲಸವನ್ನೇ ಮಾಡುತ್ತದೆ: ಯಾರೋ ಹೇಳಿದ್ದು, ನನ್ನ ಜವಾಬ್ದಾರಿ ಅಲ್ಲ. ಮುಂದೆ ತಂದರೆ ಪ್ರಶ್ನೆ: 'ಝೋಲ್ ಎಸ್ ಮೋರ್ಗನ್ ರೇಗ್‌ನನ್?' ಇಂಗ್ಲಿಷಿನ 'ವಿಲ್' ಇಟ್ಟುಕೊಂಡು ಯೋಚಿಸಿದರೆ ಇದು ಹೊಳೆಯೋದಿಲ್ಲ.

ಚಳಿಯ ವಿಷಯದಲ್ಲೂ ಇಂಗ್ಲಿಷ್ ಮರೆತುಬಿಡಿ. 'ನನಗೆ ಚಳಿ' ಎಂದು ನಾವು ಹೇಳುವ ಹಾಗೇ 'ಮಿಯರ್ ಇಸ್ಟ್ ಕಾಲ್ಟ್'. ಸೆಕೆಗೂ ಹಾಗೇ, 'ಮಿಯರ್ ಇಸ್ಟ್ ಹೈಸ್'. ಇದನ್ನೇ 'ಇಶ್ ಬಿನ್ ಹೈಸ್' ಅಂದಿರೋ, ಅರ್ಥ ಬೇರೆ ಆಗಿ ಕೇಳಿದವರು ಮುಸಿಮುಸಿ ನಗ್ತಾರೆ.

ಮೇ ತಿಂಗಳಲ್ಲಿ ಅಲ್ಲಿದ್ದರೆ ಮಾತಿಗೆ ಇನ್ನೊಂದು ಒಳ್ಳೆಯ ದಾರಿ ಇದೆ. ಮೇ 11ರಿಂದ 15ರವರೆಗಿನ ದಿನಗಳಿಗೆ 'ಐಸ್‌ಹೈಲಿಗೆ' ಎಂದು ಹೆಸರು, ಹಿಮದ ಸಂತರು ಅಂತ. ಅಷ್ಟರೊಳಗೆ ರಾತ್ರಿ ಒಮ್ಮೆ ಹಿಮ ಕಟ್ಟಿ ಎಳೆ ಗಿಡ ಸುಟ್ಟುಹೋಗಬಹುದು ಎಂಬುದು ರೈತರ ಹಳೆಯ ಲೆಕ್ಕ. ಕೊನೆಯ ದಿನ 15ಕ್ಕೆ 'ಕಾಲ್ಟೆ ಸೋಫಿ', ಚಳಿ ಸೋಫಿ. ಆಕೆ ದಾಟಿಹೋಗುವ ತನಕ ಎಷ್ಟೋ ಮನೆಗಳಲ್ಲಿ ಟೊಮೇಟೊ ಸಸಿ ಕಿಟಕಿ ಪಕ್ಕದ ಕುಂಡದಲ್ಲೇ ಇರುತ್ತದೆ. ತೋಟ ಇರುವ ನೆರೆಯವರು ಸಿಕ್ಕರೆ 'ಝಿಂಟ್ ದೀ ತೊಮಾಟನ್ ಶೋನ್ ದ್ರೌಸನ್?' ಎಂದು ಕೇಳಿ ನೋಡಿ. ಟೊಮೇಟೊ ಸಸಿ ಆಗಲೇ ಹೊರಗೆ ಇಟ್ರಾ ಅಂತ. ಹವೆ ಎಂಬ ಪದವನ್ನೇ ಎತ್ತದೆ ಹವೆಯ ಮಾತು ಶುರುವಾಗಿರುತ್ತದೆ. ಮುಂದಿನದೆಲ್ಲ ಅವರೇ ಹೇಳ್ತಾರೆ. ನೀವು ನಡುವೆ ಒಂದೆರಡು ಸಲ 'ಶ್ಟಿಮ್ಟ್' (ಹೌದೌದು) ಅಂದರೆ ಸಾಕು.