ಆಗ್ನೇಯಕ್ಕೆ ಆಕಾಶ ಇದೆಯೇ?

ಟಿವಿಯ ಛತ್ರಿ, ಅಂದರೆ ಡಿಶ್ ಆಂಟೆನಾ, ಕೂರಿಸಬೇಕು ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು, ಮನೆಯ ಆಗ್ನೇಯಕ್ಕೆ ಏನಿದೆ ಎಂದು. ತೀರ್ಥಹಳ್ಳಿ ಸೀಮೆಯಲ್ಲಿ ಈ ಕಸುಬು ಮಾಡುವವನಿಗೆ ಟಿವಿಯ ಕಂಪನಿಗಿಂತ ಅಂಗಳದ ಹಲಸಿನ ಮರದ ಎತ್ತರ ಮುಖ್ಯ. ವಾಸ್ತು ವಿಚಾರಿಸುತ್ತಿದ್ದೇನೆಂದು ಎರಡು ಬಾಳೆಹಣ್ಣು ಹೆಚ್ಚಿಗೆ ಕೊಟ್ಟವರೂ ಇದ್ದಾರೆ.

ಉಪಗ್ರಹದಿಂದ ನೇರ ಮನೆಯ ಛತ್ರಿಗೆ ಚಾನೆಲ್ ತರುವ ದೂರದರ್ಶನದ ಉಚಿತ ಡಿಟಿಎಚ್ 2004ರ ಡಿಸೆಂಬರ್‌ನಲ್ಲಿ ಶುರುವಾಯಿತು, ಖಾಸಗಿಯವರೂ ಪೈಪೋಟಿಗೆ ಇಳಿದರು. ಮುಂದಿನ ಹತ್ತು ವರ್ಷ ನನಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ದೂರದರ್ಶನದ ಉಚಿತ ಚಾನೆಲ್‌ಗಳು ಈಗ ಬರುವ ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ನಾವಿರುವುದು 75 ಡಿಗ್ರಿಯ ಆಸುಪಾಸು. ಹಾಗಾಗಿ ಅದು ನಮಗೆ ಆಗ್ನೇಯದಲ್ಲಿ, ದಿಗಂತದಿಂದ 60 ಡಿಗ್ರಿಗಿಂತ ತುಸು ಮೇಲೆ ಸಿಗುತ್ತದೆ. ಅಷ್ಟು ಎತ್ತರದಿಂದ ಬರುವುದಕ್ಕೆ ಗುಡ್ಡ ಅಡ್ಡವಾಗುವುದಿಲ್ಲ, ಹತ್ತಿರದ ಮರ ಅಡ್ಡವಾಗುತ್ತದೆ. ಒಬ್ಬರು ಅಜ್ಜಿ ಹಲಸಿನ ಒಂದು ಕೊಂಬೆಯನ್ನೂ ಮುಟ್ಟಗೊಡಲಿಲ್ಲ. ಕೊನೆಗೆ ಛತ್ರಿ ಕೊಟ್ಟಿಗೆಯ ಮಾಡಿಗೆ ಹೋಯಿತು, ಕೇಬಲ್ ಹಿತ್ತಿಲು ಸುತ್ತಿ ಮನೆ ಸೇರಿತು.

ಮಳೆಗಾಲದ ದೂರುಗಳದ್ದೇ ಬೇರೆ ಕಥೆ. ಛತ್ರಿಗೆ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್‌ನಷ್ಟು. ದಪ್ಪ ಹನಿಗಳು ಅದನ್ನು ಹೀರುತ್ತವೆ, ಚದುರಿಸುತ್ತವೆ. ಹಳೆಯ ಆಂಟೆನಾ ಟಿವಿಯಲ್ಲಾದರೆ ಹುಳಗಳ ನಡುವೆಯೂ ಚಿತ್ರ ಕಾಣುತ್ತಿತ್ತು. ಡಿಜಿಟಲ್‌ನದು ಇದ್ದರೆ ಪೂರ್ತಿ, ಇಲ್ಲದಿದ್ದರೆ ಶೂನ್ಯ; ನಡುವೆ ಒಂದೆರಡು ಕ್ಷಣ ನಾಯಕಿಯ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವ ಆಗುಂಬೆಯ ಬದಿಯಲ್ಲಿ ಬಾಕ್ಸ್ ಬದಲಿಸಿ ಏನು ಪ್ರಯೋಜನ? 60 ಸೆಂಟಿಮೀಟರ್‌ನ ಛತ್ರಿ ತೆಗೆದು 90ರದು ಹಾಕಿದರೆ ಹಿಡಿಯುವ ಜಾಗ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಸಾಧಾರಣ ಮಳೆಗೆ ಅದು ಸಾಕು. ಆಷಾಢದ ಮಳೆಗೆ ನಾನು ಜವಾಬ್ದಾರನಲ್ಲ.

ಟಿವಿ ಬಂದ ಮೇಲೆ ಅಡಿಕೆ ಸುಲಿಯುವ ರಾತ್ರಿಗಳು ಧಾರಾವಾಹಿಯ ವೇಳೆಗೆ ಹೊಂದಿಕೊಂಡವು. ಚಪ್ಪರದವರೆಗೆ ವೈರು ಎಳೆದುಕೊಟ್ಟಿದ್ದೇನೆ. ಮೆಟ್ಟುಗತ್ತಿಯ ಮುಂದೆ ಕುಳಿತವರ ಕೈ ಅಡಿಕೆಯಲ್ಲಿ, ಕಿವಿ ಅತ್ತೆ ಸೊಸೆಯರ ಜಗಳದಲ್ಲಿ. ಆಮೇಲೆ ಮೆಮೊರಿ ಕಾರ್ಡಿನ ಕಾಲ. ಸಂತೆಯ ದಿನ ಕಾರ್ಡಿಗೆ ಹಾಡು, ಸಿನಿಮಾ ತುಂಬಿಸಿಕೊಳ್ಳಲು ಅಂಗಡಿಯ ಮುಂದೆ ಸಾಲು ನಿಲ್ಲುತ್ತಿತ್ತು. ಕಳ್ಳ ವ್ಯಾಪಾರವೇ, ಒಪ್ಪುತ್ತೇನೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಪೇಟೆಯ ಹುಡುಗರು ಸಾಲಿನಿಂದ ಕರಗಿದರು, ಕಣಿವೆಯ ಹುಡುಗರು ಮಾತ್ರ ಉಳಿದರು.

‘ಆಕಾಶದ್ದು ಬರುತ್ತದೆ, ಗುಡ್ಡದಾಚೆಯ ಟವರಿನದು ಯಾಕೆ ಬರುವುದಿಲ್ಲ ಮಾರಾಯ?’ ಎಂದು ಹಲಸಿನ ಮರದ ಅಜ್ಜಿಯೇ ಒಮ್ಮೆ ಕೇಳಿದ್ದರು. ಉತ್ತರ ಸರಳ. ಛತ್ರಿಯದು ನೆತ್ತಿಯ ಕಡೆಯಿಂದ ಇಳಿದು ಬರುತ್ತದೆ, ಫೋನಿನದು ಮಗ್ಗುಲಿನಿಂದ ಬರಬೇಕು, ಮಗ್ಗುಲಿನಲ್ಲಿ ಗುಡ್ಡ ಮಲಗಿದೆ.

2020ರಲ್ಲಿ ಪಾಠ ಮೊಬೈಲಿಗೆ ಬಂದಾಗ ಅವರ ಮೊಮ್ಮಗಳು ಆ ಗುಡ್ಡದ ನೆತ್ತಿಯಲ್ಲಿ ಕೊಡೆ ಹಿಡಿದು ಕೂರತೊಡಗಿದಳು. ‘ಮಗುವಿಗೂ ಒಂದು ಛತ್ರಿ ಕೂರಿಸಿಕೊಡು’ ಎಂದರು ಅಜ್ಜಿ. ಸಿಗ್ನಲ್ ಮೀಟರ್ ಮನೆಯಲ್ಲೇ ಬಿಟ್ಟು ಹೋದೆ. ನಾಲ್ಕು ಬಿದಿರು ನೆಟ್ಟು, ಮೇಲೆ ಟಾರ್ಪಾಲು ಎಳೆದು ಕಟ್ಟಿ, ಗುಡುಗು ಕೇಳಿಸಿದರೆ ಇಳಿದು ಬಾ ಎಂದು ಹೇಳಿ ಬಂದೆ.